ಪಟ್ಟೆ ಮರಿಗಳ ಜಾತಿ

ಹುಲಿಗೆವ್ವನ ಸಾಕುಹಂದಿ ಈದಿತ್ತು. ನಾಲ್ಕೂ ಮರಿಗಳ ಬೆನ್ನ ಮೇಲೆ ಕಾಡುಹಂದಿಯ ಪಟ್ಟೆಗಳಿದ್ದವು. ಅರಣ್ಯ ಇಲಾಖೆಯ ಗಾರ್ಡ್ ಬಂದವನೇ ಅವನ್ನು ಹಿಡಿದು ಚೀಲಕ್ಕೆ ತುಂಬತೊಡಗಿದ.

“ಸಾಹೇಬ್ರ, ನಮ್ಮ ಹೊಟ್ಟೀ ಮ್ಯಾಲೆ ಹೊಡೀಬ್ಯಾಡ್ರಿ. ಇವನ್ನ ಹಡದದ್ದು ನನ್ನ ಹಂದಿರಿ.”

“ಹಡದ್ರ ಏನಾತು? ಅಪ್ಪ ಗುಡ್ಡದಾಗಿನ ಕಾಡುಹಂದಿ. ಮರಿಗೆ ಅಪ್ಪನ ಜಾತಿನಽ. ಮನ್ಯಾಗ ಇಟಗೊಂಡ್ರ ಶಿಕಾರಿ ಕೇಸು, ಜೈಲು.”

ಗದ್ದಲಕ್ಕೆ ಗುಡಿಸಲೊಳಗಿನ ಕೂಸು ಎಚ್ಚೆತ್ತು ಅತ್ತಿತು. ಹುಲಿಗೆವ್ವ ಒಳಗೆ ಹೋಗಿ, ತೀರಿಹೋದ ಮಗಳ ಆ ಕೂಸನ್ನು ಎತ್ತಿ ತಂದು ಅವನ ಮುಂದೆ ಹಿಡಿದಳು.

“ಹಂಗಿದ್ರ ಇದನ್ನೂ ಒಯ್ಯಿರಿ. ಇದರಪ್ಪ ನೀವಽ ಅಂತ ನನ್ನ ಮಗಳು ಸಾಯೂಮುಂದ ಹೇಳ್ಯಾಳ.”

ಗಾರ್ಡ್ ಕೂಸಿನ ಕಡೆ ನೋಡಲಿಲ್ಲ. ಚೀಲದ ಬಾಯಿ ಬಿಗಿಯುತ್ತ ಅಂದ:

“ಅದಕ್ಕ ತಾಯಿ ಜಾತಿ.”