ಮಾವಿನ ಕೆಂಪು ಚಿಗುರು

ಈಗಲೂ ಮಾವಿನ ಕೆಂಪು ಚಿಗುರನ್ನು ಬೆರಳಲ್ಲಿ ಹೊಸಕಿ ಮೂಸಿದರೆ ನಮ್ಮೂರು ಹರವೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವನಿಗೆ ಹುಟ್ಟಿದ ಪಾಪು ಉಳಿಯಲಿಲ್ಲ. ಅವ್ವ ಚಾಮರಾಜನಗರದ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಿದ್ದಳು. ಹುಟ್ಟಿದ ದಿನ ನಾನು ನೋಡಿದ್ದೆ. ಕೆಂಪಗಿತ್ತು, ಮುಷ್ಟಿ ಬಿಗಿಹಿಡಿದಿತ್ತು. ಅವ್ವನ ಎದೆಹಾಲು ಮಾತ್ರ ನಿಂತಿರಲಿಲ್ಲ. ನೆಲಕ್ಕೆ ಚೆಲ್ಲಿದರೆ ಯಾರಾದರೂ ತುಳಿದಾರೆಂದು ಅದನ್ನು ಬಟ್ಟಲಿಗೆ ಹಿಂಡಿ, ಹಿತ್ತಲಿನ ಮಾವಿನ ಬುಡಕ್ಕೆ ಸುರಿಯುತ್ತಿದ್ದಳು. ಅವತ್ತು ಮರದ ತುದಿಯೆಲ್ಲ ಕೆಂಪಾಗಿತ್ತು. ಚಿಗುರು ಒದ್ದೆ ಬಟ್ಟೆಯ ಹಾಗೆ ಮೆತ್ತಗೆ ಜೋತುಬಿದ್ದಿತ್ತು.

"ಎಲೆ ಯಾಕಜ್ಜಿ ಕೆಂಪ್ಗದೆ?" ಎಂದೆ.

ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು. "ಎಳೇದು ಕಣಮ್ಮಿ. ಬಿಸ್ಲ ತಡ್ಕಳಕ್ಕಾಗಲ್ಲ, ಅದ್ಕೆ ಕೆಂಪು ಹೊದ್ಕಂಡದೆ. ಬಲಿತ್ಮೇಲೆ ಹಸ್ರಾಯ್ತದೆ."

"ನಮ್ ಪಾಪುನೂ ಕೆಂಪ್ಗಿತ್ತಲ್ಲ?"

ಅಜ್ಜಿಯ ಕೈ ನಿಂತಿತು. "ಸುಮ್ಕಿರಮ್ಮಿ" ಎಂದಳು ಮೆಲ್ಲಗೆ.

ಮರದ ಬುಡಕ್ಕೆ ಹಾಲು ಸುರಿದು ನಿಂತಿದ್ದ ಅವ್ವ ಖಾಲಿ ಬಟ್ಟಲನ್ನು ಕೆಳಗಿಟ್ಟು, ತಗ್ಗಿನ ಕೊಂಬೆಯೊಂದರ ಬಳಿಗೆ ಹೋದಳು. ಅಲ್ಲಿ ಬಿಸಿಲು ನೇರ ಬೀಳುತ್ತಿತ್ತು. ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಹರವಿ, ಆ ಚಿಗುರಿಗೆ ನೆರಳು ಹಿಡಿದು ನಿಂತಳು. ಹೊತ್ತು ಇಳಿಯುವವರೆಗೂ ಕದಲಲಿಲ್ಲ.

ಅಜ್ಜಿಯೂ ಅವಳನ್ನು ಒಳಕ್ಕೆ ಕರೆಯಲಿಲ್ಲ.