ಪೆನ್ಸಿಲ್ ಗುರುತು

"ಕ್ರಿಸ್ತನಲ್ಲಿರೋ ಸಂತೋಷ ಸಾವು ಬಂದ್ರೂ ಮುಗಿಯಲ್ಲಪ್ಪ," ಎಂದು ಭುಜ ಮುಟ್ಟಿದ ಪಾಸ್ಟರ ಕೈಯನ್ನು ಬಡಗಿ ಕೊಡವಿದ.

"ಅದನ್ನೇನು ಉಪ್ಪು ಹಾಕ್ಕೊಂಡು ನೆಕ್ಕಲಾ? ಒಂಬತ್ತು ವರ್ಷದ ಮಗಳಿಗೆ ಹೆತ್ತಪ್ಪನೇ ಶವಪೆಟ್ಟಿಗೆ ಮಾಡಿದೀನಿ!"

ಯಾವ ಹಲಗೆ ಕೊಯ್ದರೂ ಮೇಲಿನ ತುದಿ ಯಾವುದೆಂಬುದು ತಪ್ಪದಿರಲೆಂದು ಬಾಣ ಎಳೆದು 'ಮೇಲೆ' ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಅವನ ರೂಢಿ. ಕೆಲಸ ಮುಗಿದಾಗ ಶಾಲೆಯ ರಬ್ಬರಿನಿಂದ ಅದನ್ನು ಅಳಿಸುವುದು ಮಗಳ ಪಾಲಿನ ಕೆಲಸ. "ಕೋಳಿ ಕೆದಕಿದ ಹಾಗಿದೆ ನಿನ್ನ ಅಕ್ಷರ," ಎಂದು ಅಪ್ಪನನ್ನು ಬೈದುಕೊಂಡೇ ಅಳಿಸುತ್ತಿದ್ದಳು. ಆ ರಬ್ಬರು ಇನ್ನೂ ಉಳಿಗಳ ನಡುವೆಯೇ ಬಿದ್ದಿತ್ತು.

ಬಾಮೈದ ಅದನ್ನೆತ್ತಿಕೊಂಡು ಶವಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬಾಗಿದ. "ಭಾವ, ಈ ಗುರುತು ಅಳಿಸಿಬಿಡ್ಲಾ?"

"ಮುಟ್ಟಿದ್ರೆ ಕೈ ಮುರಿತೀನಿ! ಅದು ಅವಳ ಕೆಲಸ ಕಣೋ!"

ಹಾಗೆಂದವನು ಗುರುತನ್ನೇ ನೋಡುತ್ತ ನಿಂತ. ಸಾವಿರ ಸಲ ಬರೆದ ಪದವನ್ನು ಮೊದಲ ಸಲ ಓದಿದಂತಾಯಿತು. ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು, 'ಮೇಲೆ' ಎಂಬುದನ್ನು ಒತ್ತಿ ಒತ್ತಿ ತಿದ್ದಿದ. ಅಳುವಿನ ನಡುವೆಯೇ ನಗು ನುಗ್ಗಿ ಬಂತು.

"ನನ್ನ ಸಿಟ್ಟು ಇಳಿದಿಲ್ಲ, ಪಾಸ್ಟರೇ. ಆದ್ರೆ ಮೇಲಿರೋ ಆ ಕ್ರಿಸ್ತನೂ ಬಡಗಿನೇ ತಾನೇ? ನನ್ನ ಅಕ್ಷರ ಓದ್ಕೋತಾನೆ."