ಲಿಫ್ಟಿಗೂ ಹೇಳಿದ್ದೀರಾ?

ಲಿಫ್ಟ್ ರಿಪೇರಿ ಕಚೇರಿಯ ಗುಮಾಸ್ತೆ ಎಐ ಸಹಾಯಕನಿಗೆ ಬರೆದ ಹೊಸ ನಿಯಮವನ್ನು ಈಗಷ್ಟೇ ಚಾಲೂ ಮಾಡಿದ್ದಳು: ದೂರು ಕೊಟ್ಟವರಿಗೆ ಕಳಿಸಿದ ‘ಲಿಫ್ಟ್ ಸರಿಹೋಯ್ತಾ?’ ಎಂಬ ಮೆಸೇಜಿಗೆ ಮೂರು ದಿನ ಉತ್ತರ ಬಾರದಿದ್ದರೆ ‘ಸರಿಹೋಗಿದೆ’ ಎಂದು ತಿಳಿಸಿ ದೂರು ಮುಚ್ಚಿಬಿಡು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ನಲವತ್ತೊಂದು ದೂರು ಮಾಯ. “ಭೇಷ್ ಕಣಮ್ಮಾ! ಇವತ್ತಾದ್ರೂ ಬೇಗ ಮನೆ ಸೇರ್ಕೋ, ಮಗಳು ಕಾಯ್ತಿರ್ತಾಳೆ,” ಎಂದರು ಮ್ಯಾನೇಜರು.

ಬ್ಯಾಗು ಹೆಗಲಿಗೇರುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ದೂರು ಕೊಟ್ಟಿದ್ದ ಒಂದು ಕಟ್ಟಡದ ನಾಲ್ಕನೇ ಮಹಡಿಯ ಅಜ್ಜಿಯೊಬ್ಬರು. “ಲಿಫ್ಟ್ ಸರಿಹೋಗಿದೆ ಅಂತ ಮೆಸೇಜ್ ಬಂದಿದೆಯಂತೆ, ಪಕ್ಕದ ಮನೆಯವಳು ಓದಿ ಹೇಳಿದ್ಲು. ಚಪ್ಪಲಿ ಮೆಟ್ಕೊಂಡು ಓಡಿ ಬಂದೆ. ಅದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಈ ವಿಷಯ ಲಿಫ್ಟಿಗೂ ಯಾರಾದ್ರೂ ಹೇಳಿದ್ದೀರಾ?”

ಗುಮಾಸ್ತೆಗೆ ಬಂದ ನಗು ಅರ್ಧಕ್ಕೇ ನಿಂತಿತು. “ಕೆಳಗಿಳಿದು ಎಷ್ಟು ದಿನ ಆಯ್ತಜ್ಜಿ?”

“ಹನ್ನೊಂದು.”

ಅವಳು ಬ್ಯಾಗು ಕೆಳಗಿಟ್ಟು ನಲವತ್ತೊಂದು ದೂರುಗಳನ್ನೂ ಮತ್ತೆ ತೆರೆದಳು. ನಿಯಮದಲ್ಲಿದ್ದ ‘ಮುಚ್ಚಿಬಿಡು’ ಅಳಿಸಿ, ‘ನನಗೆ ಹೇಳು, ನಾನೇ ಫೋನ್ ಮಾಡ್ತೀನಿ’ ಎಂದು ಬರೆದಳು.